ಒಂದಕ್ಕೆ ಹತ್ತು ಅನ್ನುವ ಲೆಕ್ಕ

ಆನೇಕಲ್ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: “ನಮ್ಮೂರ ಕೆರೆ ಪಕ್ಕದ ಗುಂಡುತೋಪಿಗೆ (ಊರೊಟ್ಟಿನ ಮರಗಳ ತೋಪು) ತಾಗಿಕೊಂಡು ಹೊಸ ಲೇಔಟ್ ಬರುತ್ತಿದೆ. ರಸ್ತೆಗೆ ಅಂತ ಹಳೆಯ ಮಾವು, ನೇರಳೆ, ಹೊಂಗೆ ಮರ ಕಡಿಯುತ್ತಾರಂತೆ. ಒಂದು ಮರಕ್ಕೆ ಹತ್ತು ಗಿಡ ನೆಡುತ್ತಾರಂತೆ. ಕೆರೆ ಸುತ್ತ ಕಲ್ಲು ಕಟ್ಟಿ ವಾಕಿಂಗ್ ದಾರಿ ಬೇರೆ. ಊರಿನ ಹುಡುಗರಿಗೂ ಸೈಟ್ ಬೇಕು. ಲೆಕ್ಕ ಹಾಕಿದರೆ ನಮಗೆ ಲಾಭವೇ ಅಲ್ವಾ? ನೀವು ಪತ್ರಿಕೆಯವರು ಯಾಕೆ ಎಲ್ಲದಕ್ಕೂ ಬೇಡ ಅನ್ನುತ್ತೀರಿ? ಕಡಿಯಲು ಇನ್ನೂ ಅನುಮತಿ ಸಿಕ್ಕಿಲ್ಲ.”

ನಿಮ್ಮ ಪತ್ರ ಓದಿ ಖುಷಿಯಾಯಿತು, ಸ್ವಲ್ಪ ಸಿಟ್ಟೂ ಬಂತು. ಮರಗಳನ್ನು ಹೆಸರು ಹಿಡಿದು ಬರೆದಿದ್ದೀರಲ್ಲ, ಅದಕ್ಕೆ ಖುಷಿ. ಈಗ ಎಷ್ಟೋ ಜನ ‘ಒಂದಷ್ಟು ಮರ’ ಅಂತ ಬರೆದು ಮುಗಿಸುತ್ತಾರೆ. ಸಿಟ್ಟು ಬಂದದ್ದು ಆ ಲಾಭದ ಮಾತಿಗೆ.

ಸೈಟ್ ಬೇಕು, ಒಪ್ಪಿದೆ. ಮದುವೆಯಾದ ಮಗ ಬಾಡಿಗೆ ಮನೆಯಲ್ಲೇ ಇರಲಿ ಅಂತ ಯಾರೂ ಹೇಳುವುದಿಲ್ಲ.

ಆದರೆ ಆ ಹತ್ತು ಗಿಡಗಳ ಕಥೆ ಕೇಳಿ. ಒಂದು ಲೇಔಟಿನಲ್ಲಿ ಹೀಗೆ ನೆಟ್ಟ ಗಿಡಗಳನ್ನು ಬೇಸಿಗೆಯಲ್ಲಿ ನೋಡಿದ್ದೇನೆ. ಊರುಗೋಲಾಗಿ ಕಟ್ಟಿದ ಬಿದಿರು ನೆಟ್ಟಗೆ ನಿಂತಿತ್ತು, ಗಿಡ ಒಣಗಿತ್ತು. ಬುಡ ಹಿಡಿದು ಎಳೆದರೆ ಸಲೀಸಾಗಿ ಕೈಗೆ ಬಂತು, ನರ್ಸರಿಯ ಕಪ್ಪು ಪಾಲಿಥಿನ್ ಚೀಲದ ಸಮೇತ. ಚೀಲ ಹರಿಯದೇ ಗುಂಡಿಗೆ ಇಳಿಸಿದ್ದರು. ಬೇರು ಒಳಗೇ ಸುತ್ತಿ ಸುತ್ತಿ ಗಂಟಾಗಿತ್ತು. ಕಾಗದದಲ್ಲಿ ಅದೂ ಒಂದು ಮರ.

ಗಿಡ ಬದುಕಿತು ಅಂತಲೇ ಇಟ್ಟುಕೊಳ್ಳಿ. ಕುಟ್ರು ಹಕ್ಕಿ ಗೂಡಿಗೆ ಒಣಗಿದ ಕೊಂಬೆಯನ್ನೇ ಹುಡುಕುತ್ತದೆ. ಮೆತ್ತಗಾದ ಕಟ್ಟಿಗೆಯನ್ನು ಕುಟ್ಟಿ ಕುಟ್ಟಿ ತೂತು ಮಾಡುತ್ತದೆ. ಗಿಳಿ, ಮೈನಾ, ಹಾಲಕ್ಕಿಗೂ ಪೊಟರೆಯೇ ಬೇಕು. ಒಣಕೊಂಬೆ, ಪೊಟರೆ ಆಗಬೇಕಾದರೆ ಮರಕ್ಕೆ ವಯಸ್ಸಾಗಿರಬೇಕು. ಇನ್ನು ಕಾಡುಪಾಪ. ಬೆಂಗಳೂರಿನ ಒಳಗೇ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಇವತ್ತಿಗೂ ಇದೆ. ಪುಟ್ಟ ಪ್ರಾಣಿ, ರಾತ್ರಿ ಮಾತ್ರ ಓಡಾಟ. ಕೋತಿಯ ಹಾಗೆ ಜಿಗಿಯಲು ಬಾರದು. ಒಂದು ಕೊಂಬೆ ಬಿಡುವ ಮೊದಲು ಇನ್ನೊಂದು ಕೊಂಬೆ ಕೈಗೆ ಸಿಗಬೇಕು. ನಡುವೆ ಎರಡು ಮರ ಹೋದರೆ ನೆಲಕ್ಕೆ ಇಳಿಯುವುದು ಬಿಟ್ಟು ಬೇರೆ ದಾರಿಯಿಲ್ಲ. ನೆಲದಲ್ಲಿ ನಾಯಿಗಳಿವೆ, ಗಾಡಿಗಳಿವೆ. ಆ ಎರಡು ಮರಕ್ಕೆ ಬದಲಾಗಿ ಇಪ್ಪತ್ತು ಗಿಡವನ್ನು ಇನ್ನೆಲ್ಲೋ ಪಾರ್ಕಿನಲ್ಲಿ ನೆಟ್ಟರೆ ಅದಕ್ಕೇನು ಬಂತು?

ಕೆರೆಗೆ ಕಲ್ಲು ಕಟ್ಟುವುದನ್ನೂ ನೀವು ಲಾಭದ ಲೆಕ್ಕಕ್ಕೆ ಸೇರಿಸಿದ್ದೀರಿ. ದಯವಿಟ್ಟು ಬೇಡ. ಕೆರೆಯ ಜೀವ ಇರುವುದು ಅಂಚಿನಲ್ಲಿ, ಮೊಣಕಾಲುದ್ದ ನೀರಿನಲ್ಲಿ, ಜೊಂಡಿನಲ್ಲಿ. ಗುಳುಮುಳುಕ ತೇಲುವ ಗೂಡು ಕಟ್ಟುವುದು ಅಲ್ಲೇ, ಜಂಬುಕೋಳಿ ಮರಿ ಮಾಡುವುದೂ ಅಲ್ಲೇ. ಚಳಿಗಾಲಕ್ಕೆ ಬರುವ ಸಣ್ಣ ಗೊರವಗಳು ಕೆಸರಿನಲ್ಲೇ ಹುಳ ಹೆಕ್ಕಬೇಕು. ಅಂಚನ್ನೆಲ್ಲ ಕೆರೆದು, ಕೆರೆಯನ್ನು ಬಾಣಲೆ ಮಾಡಿ, ಸುತ್ತ ಕಲ್ಲು ಜೋಡಿಸಿ ದೀಪ ಹಾಕಿದರೆ ನೋಡಲು ಚೆಂದ. ಹಕ್ಕಿಗೆ ಕಾಲೂರಲು ಜಾಗ ಇರುವುದಿಲ್ಲ.

ಕಾನೂನಾದರೂ ಕೈ ಹಿಡಿಯುತ್ತದೆಯೇ? 2017ರ ಕೇಂದ್ರದ ಜೌಗು ಪ್ರದೇಶ ನಿಯಮಗಳು ಕುಡಿಯುವ ನೀರಿಗೆ, ನೀರಾವರಿಗೆ ಅಂತ ಮನುಷ್ಯರು ಕಟ್ಟಿದ ಕೆರೆಗಳನ್ನು ಹೊರಗಿಟ್ಟಿವೆ. ನಮ್ಮ ಬಯಲುಸೀಮೆಯಲ್ಲಿ ಕಟ್ಟದ ಕೆರೆ ಎಲ್ಲಿದೆ ಹೇಳಿ? ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಊರವರು ನೀರಾವರಿಗೆ ಕಟ್ಟಿಕೊಂಡ ಕೆರೆಯೇ. ಅಲ್ಲಿನ ಜಾಲಿ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟಿ ಕಟ್ಟಿ, 2024ರಲ್ಲಿ ಅದಕ್ಕೆ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಮಾನ್ಯತೆ ಸಿಕ್ಕಿತು. ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಅದನ್ನೆಲ್ಲ ಮಾಡಿದವರೂ ಊರು ಬೆಳೆಯಬೇಕು ಅಂತಲೇ ಮಾಡಿದ್ದು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಒಮ್ಮೆ ಹೋಗಿ ಬನ್ನಿ. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಮನೆ ಹಿತ್ತಲಿನ ಹುಣಸೆ ಮರದ ಮೇಲೇ ಮರಿ ಮಾಡುತ್ತವೆ. ವಾಸನೆ, ಗಲಾಟೆ, ಹುಣಸೆ ಫಸಲೂ ಕೈಗೆ ಬರುವುದಿಲ್ಲ. ಆದರೂ ಜನ ಓಡಿಸುವುದಿಲ್ಲ. ಹಿಕ್ಕೆ ಬಿದ್ದ ಮಣ್ಣನ್ನು ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಾರೆ. ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಆ ಹಕ್ಕಿಗಳು ಮೀನಿಗೆ ಹೋಗುವುದು ಸುತ್ತಲಿನ ಕೆರೆಗಳಿಗೆ, ಶಿಂಷಾ ನದಿಗೆ. ಹುಣಸೆ ಮರ ಉಳಿದು ಕೆರೆ ಹಾಳಾದರೆ ಅಲ್ಲಿ ಒಂದು ಗೂಡೂ ಇರುವುದಿಲ್ಲ.

ನನ್ನ ತಕರಾರು ಇಷ್ಟೇ. ಲೇಔಟಿನ ನಕ್ಷೆಯಲ್ಲಿ ಮೊದಲು ಸೈಟು, ಆಮೇಲೆ ರಸ್ತೆ, ಆಮೇಲೆ ಚರಂಡಿ ಬರೆಯುತ್ತಾರೆ. ಮರ ಎಲ್ಲಿದೆ ಅಂತ ಗುರುತೇ ಇರುವುದಿಲ್ಲ. ಜೆಸಿಬಿ ಬಂದ ದಿನ ‘ಅಡ್ಡ ಬಂತು’ ಅನ್ನುತ್ತಾರೆ. ಮರ ಮೊದಲಿಂದಲೂ ಅಲ್ಲೇ ಇತ್ತು, ಅಡ್ಡ ಬಂದದ್ದು ರಸ್ತೆ. ಕುದೂರು–ಹುಲಿಕಲ್ ನಡುವೆ ಸಾಲುಮರದ ತಿಮ್ಮಕ್ಕನವರು ಬೆಳೆಸಿದ ಆಲದ ಮರಗಳಿಗೂ 2019ರಲ್ಲಿ ರಸ್ತೆ ಅಗಲೀಕರಣದ ಆತಂಕ ಬಂದಿತ್ತು. ಆ ಹಿರಿಯ ಜೀವವೇ ಸರ್ಕಾರದ ಬಾಗಿಲಿಗೆ ಹೋಗಿ ಮನವಿ ಮಾಡಬೇಕಾಯಿತು. ಬೇರೆ ದಾರಿ ನೋಡಿ ಎಂದು ಸರ್ಕಾರ ಅಧಿಕಾರಿಗಳಿಗೆ ಹೇಳಿದ್ದು ಆಮೇಲೆ. ನಕ್ಷೆ ಬರೆಯುವವರಿಗೇ ಇದು ಹೊಳೆಯಬೇಕಿತ್ತಲ್ವಾ?

ಕಡಿಯಲು ಇನ್ನೂ ಅನುಮತಿ ಸಿಕ್ಕಿಲ್ಲ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಹಾಗಾದರೆ ಸುಮ್ನೆ ಕೂರಬೇಡಿ. ತಾಲ್ಲೂಕು ಕಚೇರಿಯಲ್ಲಿ ಗ್ರಾಮನಕ್ಷೆ ತೆಗೆಸಿ, ಗುಂಡುತೋಪಿನ ಸರ್ವೆ ನಂಬರ್ ಮತ್ತು ಗಡಿ ನೋಡಿ. ಕಡಿಯುವ ಮರಗಳಲ್ಲಿ ಎಷ್ಟು ತೋಪಿನ ಒಳಗಿವೆ ಅನ್ನುವುದು ಆಗ ಗೊತ್ತಾಗುತ್ತದೆ. ಪಂಚಾಯಿತಿಯಲ್ಲಿ ಜೀವವೈವಿಧ್ಯ ದಾಖಲೆ (ಊರಿನ ಗಿಡಮರ, ಪ್ರಾಣಿಪಕ್ಷಿಗಳ ವಿವರ) ಕೇಳಿ, 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಅದು ಇರಬೇಕು. ಮರ ಕಡಿಯಲು ಅನುಮತಿ ಕೊಡುವ ವೃಕ್ಷ ಅಧಿಕಾರಿಗೆ ಆಕ್ಷೇಪಣೆ ಬರೆಯುವಾಗ ಯಾವ ಮರದಲ್ಲಿ ಪೊಟರೆ ಇದೆ, ಯಾವುದರಲ್ಲಿ ಗೂಡಿದೆ ಅಂತ ಒಂದೊಂದಾಗಿ ಹೆಸರಿಸಿ. ಸೈಟ್ ಬೇಕೆಂದ ಹುಡುಗರನ್ನೂ ಜೊತೆಗೆ ಕರೆದುಕೊಂಡು ಹೋಗಿ. ರಸ್ತೆಯನ್ನು ಸ್ವಲ್ಪ ಬಳಸಿಕೊಂಡು ಹೋಗುವ ಹಾಗೆ ನಕ್ಷೆ ತಿದ್ದಿ ಅಂತ ಅವರೇ ಕೇಳಲಿ. ಆಕ್ಷೇಪಣೆಯ ಒಂದು ಪ್ರತಿ ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.

— ಸಂಪಾದಕ