ಇರಾಕ್ ದಂಗೆಕೋರರಿಗೆ ಮದ್ದುಗುಂಡು ಕೊಟ್ಟಿದ್ದು ಹೊರದೇಶದವರಾ?

ಕೊಟ್ಟಿದ್ದಾರೆ, ಆದರೆ ಅಮೆರಿಕ ಇರಾಕ್ ಮೇಲೆ ದಾಳಿ ಮಾಡಿದ 2003ರ ಯುದ್ಧದ ನಂತರ ಶುರುವಾದ ಆ ದಂಗೆಗೆ ಮದ್ದುಗುಂಡು ಸಿಕ್ಕಿದ್ದು ಜಾಸ್ತಿ ಇರಾಕಿನೊಳಗೇ. ನಮ್ಮ ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ಕೋವಿಗೆ ಪೂಜೆ ಮಾಡುತ್ತೇವಲ್ಲ, ತೋಟೆ ಇಲ್ಲದಿದ್ದರೆ ಕೋವಿ ಬರೀ ದೊಣ್ಣೆ ಅಂತ ಇಲ್ಲಿ ಮಕ್ಕಳಿಗೂ ಗೊತ್ತು. ಇರಾಕಿನಲ್ಲಿ ಆ ಕೊರತೆಯೇ ಇರಲಿಲ್ಲ. ಆವರೆಗೆ ಇರಾಕ್ ಆಳಿದ ಸದ್ದಾಂ ಹುಸೇನನ ಸೈನ್ಯದ ಮದ್ದುಗುಂಡಿನ ಉಗ್ರಾಣಗಳು ದೇಶದ ತುಂಬಾ ಇದ್ದವು. ಅಮೆರಿಕದ ಪಡೆಗಳು ಅವಕ್ಕೆಲ್ಲ ಕಾವಲು ಹಾಕಲಿಲ್ಲ. ಜನ ಲೂಟಿ ಹೊಡೆದರು. ಹಳೆಯ ಫಿರಂಗಿ ಗುಂಡುಗಳೇ ರಸ್ತೆ ಬದಿಯ ಬಾಂಬುಗಳಾದವು.

ಅದಕ್ಕಿಂತ ದೊಡ್ಡ ತಪ್ಪು ಅಂದ್ರೆ, 2003ರ ಮೇ 23ರಂದು ಅಮೆರಿಕ ನೇತೃತ್ವದ ಆಡಳಿತ ಇರಾಕಿ ಸೈನ್ಯವನ್ನೇ ವಿಸರ್ಜಿಸಿದ್ದು. ಲಕ್ಷಾಂತರ ತರಬೇತಾದ ಗಂಡಸರು ಒಂದೇ ದಿನದಲ್ಲಿ ಸಂಬಳ, ಮರ್ಯಾದೆ ಎರಡೂ ಕಳೆದುಕೊಂಡರು; ಅವರಲ್ಲಿ ಹಲವರು ದಂಗೆಕೋರರ ಜೊತೆ ಸೇರಿದರು. ಮನೆ ಮನೆಯಲ್ಲೂ ಸೈನಿಕರಿರುವ ನಮ್ಮ ಊರಿನವರಿಗೆ ಆ ನೋವು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಇನ್ನು ಹೊರಗಿನವರ ಪಾತ್ರ. ಸಿರಿಯಾ ಗಡಿ ದಾಟಿ ವಿದೇಶಿ ಹೋರಾಟಗಾರರು ಬಂದರು. ಆತ್ಮಾಹುತಿ ದಾಳಿಗಳಲ್ಲಿ ಅವರೇ ಹೆಚ್ಚು. ಕವಚದ ವಾಹನವನ್ನೂ ಸೀಳುವ, ತಾಮ್ರದ ತಟ್ಟೆ ಜೋಡಿಸಿದ ಬಾಂಬುಗಳನ್ನು ಶಿಯಾ ಗುಂಪುಗಳಿಗೆ ಇರಾನ್ ಕೊಟ್ಟಿತು ಅಂತ ಅಮೆರಿಕ ಆರೋಪಿಸಿತು. ಇರಾನ್ ಒಪ್ಪಲಿಲ್ಲ.