ಪಿಟ್ಲಾಕ್ರಿಯಲ್ಲಿ ಗುಂಡಿ ಇಲ್ಲ

ಪ್ರಿಯ ಲೇಖಕರೇ,

ಸ್ಕಾಟ್ಲೆಂಡಿನ ಊರ ಹೆಸರುಗಳ ವಿದ್ವಾಂಸ ವಿಲಿಯಂ ವಾಟ್ಸನ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಹೊಸದು. ಇಸವಿಗಳೂ ಸರಿ ಇವೆ: 1865ರಲ್ಲಿ ಈಸ್ಟರ್ ರಾಸ್‌ನಲ್ಲಿ ಹುಟ್ಟು, 1914ರಿಂದ ಎಡಿನ್‌ಬರೋದಲ್ಲಿ ಕೆಲ್ಟಿಕ್ ಭಾಷೆಗಳ ಪ್ರಾಧ್ಯಾಪಕ, 1926ರಲ್ಲಿ ಸ್ಕಾಟ್ಲೆಂಡಿನ ಕೆಲ್ಟಿಕ್ ಊರ ಹೆಸರುಗಳ ಚರಿತ್ರೆಯ ಆ ದೊಡ್ಡ ಪುಸ್ತಕ. ಸಂತೋಷ.

ಆದರೆ ಎರಡನೇ ಪುಟಕ್ಕೆ ಬಂದಾಗ ನನ್ನ ಕಾಫಿ ಆರಿಹೋಯಿತು. "ಪಿಟ್ ಅಂದರೆ ಗುಂಡಿ, ಹಾಗಾಗಿ ಪಿಟ್ಲಾಕ್ರಿ ಗುಂಡಿಯೊಳಗಿನ ಊರು" ಅಂತ ಬರೆದಿದ್ದೀರಿ. ಯಾರು ಹೇಳಿದ್ದು? ಅದು ಇಂಗ್ಲಿಷಿನ ಪಿಟ್ ಅಲ್ಲ, ಹಿಂದೆ ಸ್ಕಾಟ್ಲೆಂಡಿನಲ್ಲಿದ್ದ ಪಿಕ್ಟ್ ಜನರ ‘ಪೆಟ್’. ಜಮೀನಿನ ತುಂಡು, ನಮ್ಮ ಮಾತಲ್ಲಿ ಪಾಲು. ‘ಬುಕ್ ಆಫ್ ಡೀರ್’ ಅನ್ನುವ ಅಲ್ಲಿನ ಹಳೇ ಹಸ್ತಪ್ರತಿಯ ಖಾಲಿ ಜಾಗಗಳಲ್ಲಿ 12ನೇ ಶತಮಾನದವರು ಬರೆದಿಟ್ಟ ಭೂದಾನದ ಟಿಪ್ಪಣಿಗಳಲ್ಲೇ ಈ ಪದ ಇದೆ.

ಅದರ ಕೆಳಗಿನ ಸಾಲು: "ವಾಟ್ಸನ್ ನಕ್ಷೆ ಹರಡಿಕೊಂಡು ಹೆಸರುಗಳ ಗುಟ್ಟು ಬಿಡಿಸಿದರು." ನಕ್ಷೆ ಸಾಲದು, ಸ್ವಾಮಿ. ಗೇಲಿಕ್ ಅಂದರೆ ಸ್ಕಾಟ್ಲೆಂಡಿನ ಹಳೇ ಆಡುಮಾತು; ಪಿಟ್ಲಾಕ್ರಿಯ ಗೇಲಿಕ್ ಹೆಸರಿನಲ್ಲಿ ‘ಪಿಟ್’ ಇಲ್ಲವೇ ಇಲ್ಲ. ಅದರ ಜಾಗದಲ್ಲಿ ‘ಬಾಲೆ’ ಇದೆ, ಅಂದರೆ ಊರು. ನಕ್ಷೆಯಲ್ಲಿ ಒಂದು, ಬಾಯಲ್ಲಿ ಇನ್ನೊಂದು. ವಾಟ್ಸನ್‌ಗೆ ಗೇಲಿಕ್ ಮನೆಮಾತು. ಇನ್ವರ್ನೆಸ್‌ನಲ್ಲಿ ಶಾಲೆಯ ಮುಖ್ಯಸ್ಥರಾಗಿದ್ದಾಗಲೇ, 1904ರಲ್ಲಿ, ರಾಸ್ ಮತ್ತು ಕ್ರೋಮರ್ಟಿಯ ಊರ ಹೆಸರುಗಳ ಪುಸ್ತಕ ತಂದವರು. ಹಳೇ ದಾಖಲೆಯಲ್ಲಿ ಹೇಗೆ ಬರೆದಿದ್ದಾರೆ, ಊರವರು ಹೇಗೆ ಕರೆಯುತ್ತಾರೆ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಅವರ ದಾರಿ. ಅದನ್ನು ಬಿಟ್ಟು "ಮಹಾನ್ ಚೇತನ" ಅಂತ ಮೂರು ಸಲ ಬರೆದರೆ ಏನು ಬಂತು?

ಜಾಸ್ತಿ ಬೈದೆ ಅನ್ನಿಸಿದರೆ ಕೇಳಿ. ಪತ್ರಿಕೆಗೆ ಸೇರಿದ ಹೊಸದರಲ್ಲಿ ನಾನೂ ಒಂದು ಹಳ್ಳಿಯ ಹೆಸರಿಗೆ ರಾಮ ಸೀತೆಯರ ಕಥೆ ಕಟ್ಟಿ ಬರೆದಿದ್ದೆ. ನಮ್ಮ ಹಿರಿಯರು ಓದಿ, "ಹೋಗಿದ್ಯಾ?" ಅಂದರು. ಹೋಗಿರಲಿಲ್ಲ. ಬಸ್ ಚಾರ್ಜು ಕೈಗಿಟ್ಟು ಕಳಿಸಿದರು. ಅಲ್ಲಿ ಜಗಲಿ ಮೇಲೆ ಎಲೆಅಡಿಕೆ ಕುಟ್ಟುತ್ತಿದ್ದ ಅಜ್ಜಿ ಹೇಳಿದ ಹೆಸರಿಗೂ ಬೋರ್ಡಿನ ಹೆಸರಿಗೂ ಒಂದಕ್ಷರ ವ್ಯತ್ಯಾಸ. ರಾಮನೂ ಇಲ್ಲ, ಸೀತೆಯೂ ಇಲ್ಲ. ಒಂದು ಹುಣಸೆಮರ, ಅಷ್ಟೇ!

ನಿಮ್ಮ ಮೊದಲ ಪುಟ ಪೂರ್ತಿ ಹೊಡೆದುಹಾಕಿದ್ದೇನೆ. ಪಿಟ್ಲಾಕ್ರಿಯಿಂದಲೇ ಶುರು ಮಾಡಿ. ಇನ್ವರ್ನೆಸ್‌ನ ‘ಇನ್ವರ್’, ಅಬರ್ಡೀನ್‌ನ ‘ಅಬರ್’, ಎರಡಕ್ಕೂ ನದಿಯ ಬಾಯಿ, ಅಂದರೆ ಅದು ಹೋಗಿ ಸೇರುವ ಜಾಗ, ಅಂತಲೇ ಅರ್ಥ. ಒಂದು ಗೇಲಿಕ್, ಇನ್ನೊಂದು ಅಲ್ಲಿ ಅದಕ್ಕೂ ಮುಂಚೆ ಇದ್ದ ಭಾಷೆಯದು. ಅದಕ್ಕೂ ನಾಲ್ಕು ಸಾಲು ಜಾಗ ಇಟ್ಟುಕೊಂಡು ಕಳಿಸಿ.

ಇಂತಿ,
ಸಂಪಾದಕ