ಸಿಮೆಂಟ್ ಧೂಳಿನ ಲೆಕ್ಕ ಕೇಳುವುದು ಹೇಗೆ?

ಪ್ರಶ್ನೆ: ಸೇಡಂ ತಾಲ್ಲೂಕಿನ ನಮ್ಮೂರ ಪಕ್ಕದಲ್ಲೇ ಸಿಮೆಂಟ್ ಕಾರ್ಖಾನೆ ಇದೆ. ಬೆಳಗಾದರೆ ತೊಗರಿ ಎಲೆ ಮೇಲೆ ಬೂದಿಬಣ್ಣದ ಪದರ. ಮಾಹಿತಿ ಹಕ್ಕಿನಡಿ ಕೇಳಿದರೆ ‘ವ್ಯಾಪಾರದ ಗುಟ್ಟು, ಕೊಡಲಾಗದು’ ಎಂಬ ಉತ್ತರ ಬಂತು. ಮುಂದೇನು?

ಉತ್ತರ: ಚಿಮಣಿಯಿಂದ ಎಷ್ಟು ಧೂಳು ಬೀಳುತ್ತದೆ ಎಂಬುದು ಗುಟ್ಟೇನಲ್ಲ. ಉತ್ತರ ಕೈಸೇರಿದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಪರಿಸರ ಅನುಮತಿ ಪಡೆದ ಕಾರ್ಖಾನೆ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕೊಡುವ ಷರತ್ತುಪಾಲನೆ ವರದಿ 2006ರ ಪರಿಸರ ಪರಿಣಾಮ ಅಂದಾಜು (ಇಐಎ) ಅಧಿಸೂಚನೆಯಂತೆ ಸಾರ್ವಜನಿಕ ದಾಖಲೆ, ಅದನ್ನೂ ತರಿಸಿಕೊಳ್ಳಿ.

ಮಾಲಿನ್ಯ ನಿಯಂತ್ರಣ ಮಂಡಳಿಯ ಕಲಬುರಗಿ ಕಚೇರಿಗೆ ಹೊಸ ಅರ್ಜಿಯನ್ನೂ ಹಾಕಿ. ಶುಲ್ಕ 10 ರೂ. ನಮ್ಮ ರಾಜ್ಯದಲ್ಲಿ ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ಧೂಳು ಯಾಕೆ ಬರುತ್ತದೆ’ ಎಂದು ಕೇಳಿದರೆ ಅರ್ಜಿ ಅಲ್ಲಿಗೇ ಮುಗಿಯಿತು. ದಾಖಲೆಯ ಹೆಸರು ಹಿಡಿದು ಕೇಳಬೇಕು. ತಿಂಗಳ ಸರಾಸರಿ ಬೇಡ, ಅದರಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಕಿಲ್ನ್‌ನಲ್ಲಿ (ಸುಣ್ಣದಕಲ್ಲು ಸುಡುವ ಕುಲುಮೆ) ಕಾರ್ಬನ್ ಮೊನಾಕ್ಸೈಡ್ ಅನಿಲ ಏರಿದರೆ ಸ್ಫೋಟದ ಭಯಕ್ಕೆ ವಿದ್ಯುತ್ತಿನಿಂದ ಧೂಳು ಹಿಡಿಯುವ ಇಎಸ್‌ಪಿ ಯಂತ್ರ ತಾನೇ ಟ್ರಿಪ್ ಆಗುತ್ತದೆ (ನಿಂತುಬಿಡುತ್ತದೆ), ಆ ಹೊತ್ತಿನಲ್ಲಿ ಧೂಳು ನೇರ ಹೊರಗೆ. ಹಾಗಾಗಿ ಧೂಳು ಬಿದ್ದ ರಾತ್ರಿಗಳ ದಿನಾಂಕ ಬರೆದು, ಚಿಮಣಿಯ ಧೂಳನ್ನು ಸದಾ ಅಳೆಯುವ ಆನ್‌ಲೈನ್ ಮಾಪಕದ 15 ನಿಮಿಷದ ಅಂಕಿಗಳನ್ನು ಸಿ.ಡಿ.ಯಲ್ಲಿ ಕೇಳಿ. ಮಾಪಕದ ಕ್ಯಾಲಿಬ್ರೇಷನ್ ದಾಖಲೆಯೂ (ಅದು ಸರಿಯಾಗಿ ಅಳೆಯುತ್ತಿದೆಯೇ ಎಂಬ ಪರೀಕ್ಷೆಯದು) ಬೇಕು.

ಚಿಮಣಿ ಅಂಕಿ ಸರಿಯಿದ್ದೂ ಧೂಳು ನಿಲ್ಲದಿದ್ದರೆ ಗಣಿ ಟಿಪ್ಪರ್ ರಸ್ತೆ, ಕ್ಲಿಂಕರ್ (ಸಿಮೆಂಟಾಗಿ ಅರೆಯುವ ಮುಂಚಿನ ಸುಟ್ಟ ಗಟ್ಟಿ) ಲೋಡಿಂಗ್ ಕಡೆ ನೋಡಿ. ಅಲ್ಲಿ ಏಳುವ ಧೂಳು ಚಿಮಣಿ ಮಾಪಕಕ್ಕೆ ಸಿಗುವುದಿಲ್ಲ. ಅದಕ್ಕೆ ಊರಿನ ಗಾಳಿಯ ಪಿಎಂ10 (ಉಸಿರಲ್ಲಿ ಒಳಹೋಗುವಷ್ಟು ಸಣ್ಣ ಧೂಳಿನ ಕಣ) ವರದಿ ಪ್ರತ್ಯೇಕ ಅರ್ಜಿಯಲ್ಲಿ ಕೇಳಿ. 24 ಗಂಟೆಯ ಮಿತಿ ಘನಮೀಟರಿಗೆ 100 ಮೈಕ್ರೋಗ್ರಾಂ.